ಒಂದೇ ಗ್ರಾಫ್ ಶೀಟಿನಲ್ಲಿ ಎರಡು ಚಲನೆ: ಏಕರೂಪ ಚಲನೆ ಮತ್ತು ವೇಗೋತ್ಕರ್ಷವನ್ನು ಲ್ಯಾಬ್‌ನಲ್ಲಿ ಅಳೆದು ಹೋಲಿಸುವ ಬಗೆ

ಈ ಪ್ರಯೋಗವನ್ನು ಹೆಚ್ಚಿನವರು ಎರಡು ತುಂಡು ಮಾಡಿ ಮುಗಿಸುತ್ತಾರೆ. ಮೊದಲು ಬ್ಯಾಟರಿ ಕಾರು ಓಡಿಸುತ್ತಾರೆ, ನೇರ ಗೆರೆ ಬಂತು ಅಂತ ಬರೆಯುತ್ತಾರೆ. ಆಮೇಲೆ ಓರೆಹಲಗೆಯ ಮೇಲೆ ಗುಂಡು ಉರುಳಿಸುತ್ತಾರೆ, ಬಾಗಿದ ಗೆರೆ ಬಂತು ಅಂತ ಬರೆಯುತ್ತಾರೆ. ಎರಡೂ ಬೇರೆ ಬೇರೆ ಪುಟದಲ್ಲಿ, ಬೇರೆ ಬೇರೆ ಸ್ಕೇಲಿನಲ್ಲಿ ಇರುತ್ತವೆ. ಹಾಗಾದರೆ ಹೋಲಿಕೆ ಎಲ್ಲಿ ಆಯಿತು?

ಇನ್ನೊಂದು ತೊಂದರೆ ಇದೆ. ದೂರ-ಕಾಲ ಗ್ರಾಫ್ ಬಾಗಿದೆ ಅಂದರೆ ವೇಗ ಬದಲಾಗುತ್ತಿದೆ ಎಂದಷ್ಟೇ ಅರ್ಥ. ವೇಗ ಬದಲಾಗುವ ದರಕ್ಕೇ ವೇಗೋತ್ಕರ್ಷ ಅನ್ನುವುದು. ಅದು ಒಂದೇ ದರದಲ್ಲಿ ಏರುತ್ತಿದೆಯೋ, ಹೇಗೆಂದರೆ ಹಾಗೆ ಏರುತ್ತಿದೆಯೋ ಅನ್ನುವುದು ಆ ಬಾಗಿದ ಗೆರೆ ನೋಡಿ ಕಣ್ಣಿಗೆ ಗೊತ್ತಾಗುವುದಿಲ್ಲ. ಅದನ್ನು ಬೇರೆ ಗ್ರಾಫ್‌ಗಳಿಂದ ಪರೀಕ್ಷೆ ಮಾಡಬೇಕು. ಆ ಪರೀಕ್ಷೆಗೆ ಏಕರೂಪ ಚಲನೆಯ, ಅಂದರೆ ಒಂದೇ ವೇಗದಲ್ಲಿ ಹೋಗುವ ಕಾರೇ ಒರೆಗಲ್ಲು. ಕಾರಿನ ಗ್ರಾಫ್ ನೇರ ಬಂದಿಲ್ಲ ಅಂದರೆ ಗುಂಡಿನ ಗ್ರಾಫ್ ಹೇಳುವುದನ್ನು ನಂಬುವ ಹಾಗಿಲ್ಲ. ಕಾರಿನ ಭಾಗವನ್ನು ಸುಮ್ನೆ ಔಪಚಾರಿಕತೆಗೆ ಮಾಡುವುದು ಬೇಡ ಅನ್ನುವುದು ಇದಕ್ಕೇ.

## ಬೇಕಾದ ಸಾಮಾನು

ಸುಮಾರು 120 ಸೆಂ.ಮೀ. ಉದ್ದದ, ಬಾಗದ ಹಲಗೆ ಒಂದು. ಅದರ ಮೇಲೆ ಗುಂಡು ಅತ್ತಿತ್ತ ಸರಿಯದ ಹಾಗೆ ಇಡಲು ಅಲ್ಯೂಮಿನಿಯಂ ಚಾನೆಲ್ ಅಥವಾ ಎರಡು ಸಪೂರ ಮರದ ಪಟ್ಟಿ. ಒಂದು ಉಕ್ಕಿನ ಗುಂಡು. ನಿಧಾನವಾಗಿ ಹೋಗುವ ಬ್ಯಾಟರಿ ಕಾರು, ಬ್ಯಾಟರಿ ಹೊಸದಾಗಿದ್ದರೆ ಒಳ್ಳೆಯದು. ಹಲಗೆಯ ಹಿಂದಿನ ಅಂಚಿಗೆ ಅಂಟಿಸಲು ಅಳತೆ ಟೇಪ್. ವಿಡಿಯೋ ತೆಗೆಯಲು ಮೊಬೈಲ್, ಅದನ್ನು ಅಲುಗಾಡದಂತೆ ಹಿಡಿಯುವ ಸ್ಟ್ಯಾಂಡ್. ಹಲಗೆಯ ಒಂದು ತುದಿ ಎತ್ತರಿಸಲು ನಾಲ್ಕಾರು ಮರದ ತುಂಡು ಅಥವಾ ಪುಸ್ತಕ.

ಸ್ಟಾಪ್‌ವಾಚ್ ಸಾಕಲ್ವಾ ಅಂತ ಕೇಳಬಹುದು. ಸಾಕಾಗುವುದಿಲ್ಲ. ಕಣ್ಣಿಗೆ ಕಂಡು ಬೆರಳು ಒತ್ತುವ ಹೊತ್ತಿಗೆ ಸುಮಾರು 0.2 ಸೆಕೆಂಡ್ ಹೋಗಿರುತ್ತದೆ. ನಮ್ಮ ಗುಂಡು ಹಲಗೆಯ ಮೇಲೆ ಇರುವುದೇ ಎರಡು ಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಐದಾರು ಕಡೆ ಸಮಯ ಹಿಡಿಯುವುದು ಕೈಗೆ ನಿಲುಕುವ ಕೆಲಸ ಅಲ್ಲ.

ಲ್ಯಾಬ್‌ನಲ್ಲಿ ಟಿಕರ್ ಟೈಮರ್ (ಸಮ ಅವಧಿಗೊಮ್ಮೆ ಕಾಗದದ ಟೇಪಿನ ಮೇಲೆ ಚುಕ್ಕೆ ಹಾಕುವ ಉಪಕರಣ) ಇದ್ದರೆ ಅದನ್ನೂ ಬಳಸಬಹುದು. ಗುಂಡಿನ ಬದಲು ಟ್ರಾಲಿ ಬೇಕು, ಅದರ ಬಾಲಕ್ಕೆ ಕಾಗದದ ಟೇಪ್ ಅಂಟಿಸಬೇಕು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ 50 ಚುಕ್ಕೆ ಹಾಕುತ್ತದೆ, ಅಂದರೆ ಐದು ಅಂತರಕ್ಕೆ 0.1 ಸೆಕೆಂಡ್. ಶುರುವಿನಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಬಿಡಿಯಾಗಿ ಕಾಣುವ ಮೊದಲ ಚುಕ್ಕೆಯಿಂದ ಎಣಿಸಿ. ಐದೈದು ಅಂತರದ ತುಂಡು ಮಾಡಿ ಪಕ್ಕಪಕ್ಕ ನಿಲ್ಲಿಸಿ ಅಂಟಿಸಿದರೆ ಅದೇ ಒಂದು ವೇಗ-ಕಾಲ ಗ್ರಾಫ್. ನನಗೆ ಈ ಹಳೆಯ ಉಪಕರಣ ಇಷ್ಟ, ಲೆಕ್ಕ ಮಾಡುವ ಮೊದಲೇ ಗ್ರಾಫ್ ಕೈಯಲ್ಲಿರುತ್ತದೆ. ಆದರೆ ಎಲ್ಲ ಕಡೆ ಸಿಗುವುದಿಲ್ಲ. ಹಾಗಾಗಿ ಮುಂದಿನದೆಲ್ಲ ಮೊಬೈಲ್ ವಿಡಿಯೋ ಲೆಕ್ಕದಲ್ಲೇ ಹೇಳುತ್ತೇನೆ.

## ಹಲಗೆ ಮತ್ತು ಕ್ಯಾಮೆರಾ ಕೂರಿಸುವುದು

ಹಲಗೆಯನ್ನು ಮೊದಲು ಮೇಜಿನ ಮೇಲೆ ಮಟ್ಟಸವಾಗಿ ಇಡಿ. ಮಟ್ಟ ನೋಡಲು ಗುಂಡನ್ನೇ ಇಟ್ಟು ನೋಡಿ, ತಾನಾಗಿ ಯಾವ ಕಡೆಗೂ ಉರುಳಬಾರದು. ಒಂದು ತುದಿಯಿಂದ 20 ಸೆಂ.ಮೀ. ಬಿಟ್ಟು ಸೊನ್ನೆ ಗುರುತು ಬರುವ ಹಾಗೆ ಟೇಪ್ ಅಂಟಿಸಿ. ಆ 20 ಸೆಂ.ಮೀ. ಕಾರಿಗೆ ಓಟ ಹಿಡಿಯಲು.

ಮೊಬೈಲ್ ಅನ್ನು ಹಲಗೆಯ ನಡುಭಾಗಕ್ಕೆ ಎದುರಾಗಿ, ಸುಮಾರು 150 ಸೆಂ.ಮೀ. ದೂರದಲ್ಲಿ ನಿಲ್ಲಿಸಿ. ಹಲಗೆ ಪೂರ್ತಿ ಕಾಣಲಿ ಅಂತ ವೈಡ್ ಲೆನ್ಸ್ ಹಾಕಬೇಡಿ, ಅಂಚುಗಳು ಸೊಟ್ಟ ಆಗುತ್ತವೆ. ದೂರ ಸಾಲದಿದ್ದರೆ ಮೊಬೈಲನ್ನೇ ಹಿಂದಕ್ಕೆ ಸರಿಸಿ.

ಗುಂಡು ಟೇಪಿನಿಂದ ಎಷ್ಟು ಮುಂದಿದೆ ಅನ್ನುವುದನ್ನು ಯಾರೂ ನೋಡುವುದಿಲ್ಲ. ಅದು ಟೇಪಿಗಿಂತ 3 ಸೆಂ.ಮೀ. ಕ್ಯಾಮೆರಾದ ಕಡೆ ಇದ್ದು, ಕ್ಯಾಮೆರಾ ಟೇಪಿನಿಂದ 150 ಸೆಂ.ಮೀ. ದೂರ ಇದ್ದರೆ, ನೀವು ಓದುವ ಪ್ರತಿ ದೂರವೂ 150 ಭಾಗಿಸು 147, ಅಂದರೆ ಶೇ. 2ರಷ್ಟು ಜಾಸ್ತಿ ಬರುತ್ತದೆ. ಇದರಿಂದ ಗ್ರಾಫಿನ ಆಕಾರ ಕೆಡುವುದಿಲ್ಲ. ನೇರ ಗೆರೆ ನೇರವಾಗೇ ಇರುತ್ತದೆ. ಬಂದ ಉತ್ತರ ಮಾತ್ರ ಶೇ. 2ರಷ್ಟು ಹಿಗ್ಗಿರುತ್ತದೆ. ಚಾನೆಲನ್ನು ಟೇಪಿಗೆ ಆದಷ್ಟು ಒತ್ತಿ ಇಡಿ.

ಟೇಪ್ ಓದುವ ಬದಲು ವಿಡಿಯೋ ಅಳೆಯುವ ಸಾಫ್ಟ್‌ವೇರ್ ಬಳಸುವವರಿಗೆ ಬೇರೆ ಎಚ್ಚರಿಕೆ. ಅಲ್ಲಿ ಒಂದು ಸ್ಕೇಲು ತೋರಿಸಿ ಉಳಿದ ಲೆಕ್ಕವನ್ನು ಅದಕ್ಕೆ ಬಿಡುತ್ತೀರಿ. ಕ್ಯಾಮೆರಾ ಸ್ವಲ್ಪ ಓರೆಯಾಗಿ ನಿಂತಿದ್ದರೆ ಹಲಗೆಯ ಒಂದು ತುದಿ ಕ್ಯಾಮೆರಾಕ್ಕೆ ಹತ್ತಿರ, ಇನ್ನೊಂದು ದೂರ. ದೂರದ ತುದಿಯಿಂದ ಹತ್ತಿರಕ್ಕೆ ಬರುವ ಕಾರು ಒಂದೇ ವೇಗದಲ್ಲಿ ಬಂದರೂ ವೇಗ ಹೆಚ್ಚಿಸಿಕೊಂಡ ಹಾಗೆ ಕಾಣುತ್ತದೆ. ಅಂದರೆ ಇಲ್ಲದ ವೇಗೋತ್ಕರ್ಷವನ್ನು ಕ್ಯಾಮೆರಾ ಹುಟ್ಟಿಸುತ್ತದೆ! ಅದು ಗುಂಡಿನ ಗ್ರಾಫಿನಲ್ಲಿ ಸೇರಿಕೊಂಡರೆ ಪತ್ತೆಯಾಗುವುದಿಲ್ಲ. ಕಾರಿನ ಗ್ರಾಫಿನಲ್ಲಾದರೆ ತಕ್ಷಣ ಸಿಕ್ಕಿಬೀಳುತ್ತದೆ.

ಬೆಳಕು ಚೆನ್ನಾಗಿರಲಿ. ಮಂದ ಬೆಳಕಿನಲ್ಲಿ ಮೊಬೈಲ್ ಪ್ರತಿ ಫ್ರೇಮಿಗೂ (ವಿಡಿಯೋದ ಒಂದೊಂದು ಬಿಡಿ ಚಿತ್ರಕ್ಕೂ) ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ, ಗುಂಡು ಚುಕ್ಕೆಯ ಬದಲು ಗೀಟಿನಂತೆ ಕಾಣುತ್ತದೆ. ಸೆಕೆಂಡಿಗೆ 73 ಸೆಂ.ಮೀ. ಹೋಗುವ ಗುಂಡು 1/60 ಸೆಕೆಂಡಿನಲ್ಲಿ 1.2 ಸೆಂ.ಮೀ. ಸರಿದಿರುತ್ತದೆ. ಆ ಗೀಟಿನ ಯಾವ ತುದಿ ಓದುತ್ತೀರಿ? ಜೊತೆಗೆ, ಬೆಳಕು ಕಡಿಮೆಯಾದರೆ ಕೆಲವು ಮೊಬೈಲ್‌ಗಳು ತಾವಾಗೇ ಫ್ರೇಮ್ ದರ ಇಳಿಸಿಬಿಡುತ್ತವೆ. ಒಂದು ಸ್ಟಾಪ್‌ವಾಚ್ ಆನ್ ಮಾಡಿ ಅದನ್ನೇ ಕೆಲವು ಸೆಕೆಂಡ್ ವಿಡಿಯೋ ಮಾಡಿ, ಸೆಕೆಂಡಿಗೆ ನಿಜವಾಗಿ 30 ಫ್ರೇಮ್ ಬರುತ್ತಿದೆಯಾ ಎಣಿಸಿ. ಐದು ನಿಮಿಷದ ಕೆಲಸ, ತಪ್ಪಿಸಬೇಡಿ.

## ಓಡಿಸುವುದು

ಹಲಗೆ ಮಟ್ಟಸವಾಗಿದ್ದಾಗಲೇ ಚಾನೆಲ್ ತೆಗೆದಿಟ್ಟು ಕಾರು ಓಡಿಸಿ. ಸೊನ್ನೆಗಿಂತ ಹಿಂದಿನಿಂದ ಬಿಡಿ. ನಿಂತ ಕಾರು ಓಟ ಹಿಡಿಯುವಾಗ ಅದಕ್ಕೂ ವೇಗೋತ್ಕರ್ಷ ಇರುತ್ತದೆ, ಆ ಭಾಗ ನಮಗೆ ಬೇಡ. ಕಾರಿನ ಮೂತಿಯ ಮೇಲೆ ಒಂದು ಬಣ್ಣದ ಚುಕ್ಕೆ ಅಂಟಿಸಿ, ಪ್ರತಿ ಸಲವೂ ಅದನ್ನೇ ಓದಿ. ಚುಕ್ಕೆ ಸೊನ್ನೆ ಗುರುತಿನ ಮೇಲೆ ಸರಿಯಾಗಿ ಇರುವ ಫ್ರೇಮ್ ಸಿಗದಿದ್ದರೂ ಚಿಂತೆ ಇಲ್ಲ. ಹತ್ತಿರದ ಒಂದು ಫ್ರೇಮನ್ನು ಸಮಯ ಸೊನ್ನೆ ಅಂತ ಇಟ್ಟುಕೊಂಡು, ಅಲ್ಲಿನ ಓದನ್ನು ಉಳಿದೆಲ್ಲದರಿಂದ ಕಳೆಯಿರಿ.

ಆಮೇಲೆ ಚಾನೆಲ್ ಹಾಕಿ, ಹಲಗೆಯ ಸೊನ್ನೆ ಇರುವ ಕಡೆಯನ್ನು ಎತ್ತರಿಸಿ. 100 ಸೆಂ.ಮೀ. ಉದ್ದಕ್ಕೆ 6 ಸೆಂ.ಮೀ. ಏರಿಕೆ ಬಂದರೆ ಸಾಕು. ಇನ್ನೂ ಜಾಸ್ತಿ ಮಾಡಿದರೆ ಗುಂಡು ಬೇಗ ಹೊರಟುಹೋಗಿ ಓದಲು ಬಿಂದುಗಳೇ ಉಳಿಯುವುದಿಲ್ಲ. ಹಲಗೆಯ ನಡುವೆ ಕೂಡ ಒಂದು ಆಸರೆ ಕೊಡಿ. ತುದಿಗಳಲ್ಲಿ ಮಾತ್ರ ನಿಂತ ಹಲಗೆ ನಡುವೆ ಜೋಲುತ್ತದೆ.

ಗುಂಡನ್ನು ಬೆರಳಿನಿಂದ ಬಿಡಬೇಡಿ. ಬಿಡುವಾಗ ಗೊತ್ತಿಲ್ಲದೆ ಒಂದು ಸಣ್ಣ ತಳ್ಳು ಬೀಳುತ್ತದೆ. ಗುಂಡಿನ ಮುಂದೆ ಒಂದು ಸ್ಕೇಲು ಅಡ್ಡ ಹಿಡಿದು, ಇಳಿಜಾರಿನ ಕಡೆಗೆ ಸರಕ್ಕನೆ ಎಳೆದುಬಿಡಿ. ಗುಂಡು ನಿಂತಿರುವ ಕೊನೆಯ ಫ್ರೇಮ್ ಸಮಯ ಸೊನ್ನೆ. ಇಲ್ಲಿ ಹೆಚ್ಚೆಂದರೆ ಒಂದು ಫ್ರೇಮಿನಷ್ಟು, ಅಂದರೆ 0.033 ಸೆಕೆಂಡಿನಷ್ಟು ಅನುಮಾನ ಉಳಿಯುತ್ತದೆ. ಅದು ಎಲ್ಲಿ ಕಾಟ ಕೊಡುತ್ತದೆ ಅಂತ ಮುಂದೆ ನೋಡೋಣ.

ಎಷ್ಟು ಫ್ರೇಮಿಗೊಮ್ಮೆ ಓದಬೇಕು? ಪ್ರತಿ ಫ್ರೇಮನ್ನೂ ಓದಿದರೆ ಬಿಂದುಗಳು ಜಾಸ್ತಿ, ಗ್ರಾಫ್ ಚೆನ್ನ ಅಂತ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಟೇಪಿನ ಓದಿನಲ್ಲಿ 0.2 ಸೆಂ.ಮೀ. ಹಿಂದುಮುಂದು ಆಗುತ್ತದೆ ಅನ್ನೋಣ. ಎರಡು ಓದು ಕಳೆದಾಗ ಅನುಮಾನ ಸುಮಾರು 0.28 ಸೆಂ.ಮೀ. ಅದನ್ನು ಒಂದು ಫ್ರೇಮಿನ ಸಮಯದಿಂದ ಭಾಗಿಸಿದರೆ ವೇಗದಲ್ಲಿ ಸೆಕೆಂಡಿಗೆ 8.5 ಸೆಂ.ಮೀ. ಅನುಮಾನ. ಕಾರಿನ ವೇಗವೇ ಸುಮಾರು 25! 12 ಫ್ರೇಮ್ ಬಿಟ್ಟು, ಅಂದರೆ 0.4 ಸೆಕೆಂಡಿಗೊಮ್ಮೆ ಓದಿದರೆ ಅದೇ ಅನುಮಾನ 0.7ಕ್ಕೆ ಇಳಿಯುತ್ತದೆ. ಹಾಗಾಗಿ 0.4 ಸೆಕೆಂಡ್ ಇಟ್ಟುಕೊಳ್ಳೋಣ, ಎರಡೂ ಚಲನೆಗೂ ಒಂದೇ.

## ಮೊದಲ ಗ್ರಾಫ್: ದೂರ ಮತ್ತು ಕಾಲ

ಕೆಳಗಿನದು ಲೆಕ್ಕ ತೋರಿಸಲು ಮಾಡಿಕೊಂಡ ಮಾದರಿ ಪಟ್ಟಿ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ನಡೆ ಹೀಗೇ ಇರಬೇಕು.

| ಸಮಯ (ಸೆಕೆಂಡ್) | ಕಾರು (ಸೆಂ.ಮೀ.) | ಗುಂಡು (ಸೆಂ.ಮೀ.) |
|---|---|---|
| 0 | 0 | 0 |
| 0.4 | 10.1 | 3.3 |
| 0.8 | 19.8 | 12.7 |
| 1.2 | 30.2 | 28.9 |
| 1.6 | 40.1 | 51.0 |
| 2.0 | 49.9 | 80.2 |

ಸಮಯ ಅಡ್ಡ ಅಕ್ಷದಲ್ಲಿ, ದೂರ ಲಂಬ ಅಕ್ಷದಲ್ಲಿ. ಶೀಟಿನ ಮುಕ್ಕಾಲು ಭಾಗವಾದರೂ ತುಂಬುವ ಸ್ಕೇಲ್ ಆರಿಸಿ. ಒಂದು ಸೆಂ.ಮೀ.ಗೆ 5 ಅಥವಾ 10ರ ಲೆಕ್ಕ ಇರಲಿ. 3, 7ರ ಸ್ಕೇಲ್ ಇಟ್ಟರೆ ಬಿಂದು ಗುರುತಿಸುವಾಗಲೇ ತಲೆ ಕೆಡುತ್ತದೆ. ಕಾರಿಗೆ ದುಂಡು ಗುರುತು, ಗುಂಡಿಗೆ ಅಡ್ಡಗೆರೆಯ ಗುರುತು ಹಾಕಿ. ಮುಖ್ಯವಾಗಿ, ಎರಡೂ ಒಂದೇ ಶೀಟಿನಲ್ಲಿ, ಒಂದೇ ಅಕ್ಷಗಳ ಮೇಲೆ.

ಈಗ ಬಿಂದುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಪ್ರತಿ ಬಿಂದುವಿನಲ್ಲೂ ಕಾರು ದಿಢೀರನೆ ವೇಗ ಬದಲಿಸಿತು ಅಂತ ಹೇಳಿದ ಹಾಗಾಗುತ್ತದೆ. ಕಾರಿನ ಬಿಂದುಗಳ ನಡುವೆ ಒಂದೇ ನೇರ ಗೆರೆ ಎಳೆಯಿರಿ, ಕೆಲವು ಬಿಂದು ಮೇಲೆ, ಕೆಲವು ಕೆಳಗೆ ಉಳಿಯಲಿ. ಗುಂಡಿನ ಬಿಂದುಗಳ ಮೂಲಕ ನಯವಾದ ಬಾಗಿದ ಗೆರೆ.

ಕಾರಿನ ಗೆರೆಯ ಸ್ಲೋಪ್ (ಗೆರೆಯ ಏರಿಕೆಯನ್ನು ಅಡ್ಡ ಅಂತರದಿಂದ ಭಾಗಿಸಿದ್ದು) ತೆಗೆಯಲು ಗೆರೆಯ ಮೇಲೆ ದೂರ ದೂರದ ಎರಡು ಜಾಗ ಆರಿಸಿ. ಪಟ್ಟಿಯಲ್ಲಿನ ಬಿಂದುಗಳನ್ನಲ್ಲ, ಗೆರೆಯ ಮೇಲಿನ ಜಾಗಗಳನ್ನು. ಪಟ್ಟಿಯ ಬಿಂದುಗಳನ್ನೇ ಹಿಡಿದರೆ ಗೆರೆ ಎಳೆದದ್ದು ವ್ಯರ್ಥ ಆಯಿತಲ್ವಾ? ಇಲ್ಲಿ 0.2 ಸೆಕೆಂಡಿನಲ್ಲಿ 5 ಸೆಂ.ಮೀ., 1.8 ಸೆಕೆಂಡಿನಲ್ಲಿ 45 ಸೆಂ.ಮೀ. ಓದಿದರೆ ಸ್ಲೋಪ್ 40 ಭಾಗಿಸು 1.6, ಅಂದರೆ ಸೆಕೆಂಡಿಗೆ 25 ಸೆಂ.ಮೀ. ಅದೇ ಕಾರಿನ ವೇಗ.

ಗುಂಡಿನ ಗೆರೆಗೆ ಒಂದೇ ಸ್ಲೋಪ್ ಇಲ್ಲ. ಯಾವ ಕ್ಷಣದ ವೇಗ ಬೇಕೋ ಅಲ್ಲಿ ಗೆರೆಗೆ ತಾಗುವ ಹಾಗೆ ಸ್ಪರ್ಶಕ ಎಳೆದು ಅದರ ಸ್ಲೋಪ್ ತೆಗೆಯಬೇಕು. ಕೈಯಲ್ಲಿ ಸ್ಪರ್ಶಕ ಎಳೆಯುವುದು ಅಂದಾಜಿನ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಇದೆ.

## ಎರಡನೇ ಗ್ರಾಫ್: ವೇಗ ಮತ್ತು ಕಾಲ

ಪಕ್ಕಪಕ್ಕದ ಎರಡು ದೂರಗಳ ವ್ಯತ್ಯಾಸವನ್ನು 0.4ರಿಂದ ಭಾಗಿಸಿ. ಅದು ಆ ಅವಧಿಯ ಸರಾಸರಿ ವೇಗ. ಇದನ್ನು ಗ್ರಾಫಿನಲ್ಲಿ ಎಲ್ಲಿ ಗುರುತಿಸಬೇಕು? ಅವಧಿಯ ಕೊನೆಯಲ್ಲಿ ಗುರುತಿಸಿದ ಗ್ರಾಫ್‌ಗಳೇ ಜಾಸ್ತಿ ಕಾಣಸಿಗುತ್ತವೆ. ಅದು ತಪ್ಪು. ಅವಧಿಯ ನಡುವೆ ಗುರುತಿಸಬೇಕು. ವೇಗೋತ್ಕರ್ಷ ಬದಲಾಗದೆ ಇದ್ದರೆ ಒಂದು ಅವಧಿಯ ಸರಾಸರಿ ವೇಗ ಆ ಅವಧಿಯ ನಟ್ಟನಡುವಿನ ಕ್ಷಣದ ವೇಗಕ್ಕೆ ಸರಿಯಾಗಿ ಸಮ. ಸ್ಪರ್ಶಕದ ತಾಪತ್ರಯವೇ ಬೇಡ.

| ನಡುಕ್ಷಣ (ಸೆಕೆಂಡ್) | ಕಾರಿನ ವೇಗ (ಸೆಂ.ಮೀ./ಸೆ.) | ಗುಂಡಿನ ವೇಗ (ಸೆಂ.ಮೀ./ಸೆ.) |
|---|---|---|
| 0.2 | 25.3 | 8.3 |
| 0.6 | 24.3 | 23.5 |
| 1.0 | 26.0 | 40.5 |
| 1.4 | 24.8 | 55.3 |
| 1.8 | 24.5 | 73.0 |

ಕಾರಿನ ಬಿಂದುಗಳು 25ರ ಆಸುಪಾಸಿನಲ್ಲೇ ಅಡ್ಡಾಡುತ್ತವೆ. ಮೊದಲ ಗ್ರಾಫಿನಲ್ಲಿ ಗೆರೆಯ ಮೇಲೆ ಕೂತ ಹಾಗೆ ಕಂಡ ಬಿಂದುಗಳು ಇಲ್ಲಿ ಇಷ್ಟು ಏರುಪೇರು ಯಾಕೆ? ವ್ಯತ್ಯಾಸ ತೆಗೆದು ಸಣ್ಣ ಸಮಯದಿಂದ ಭಾಗಿಸಿದಾಗ ಓದಿನ ಸಣ್ಣ ತಪ್ಪು ದೊಡ್ಡದಾಗಿ ಕಾಣುತ್ತದೆ. ಗಾಬರಿ ಬೇಡ. ಏರುಪೇರು ನಾವು ಲೆಕ್ಕ ಹಾಕಿದ 0.7ರ ಆಸುಪಾಸಿನಲ್ಲೇ ಇದೆ, ಒಂದೇ ಕಡೆಗೆ ವಾಲಿಲ್ಲ. ಮಟ್ಟಸವಾದ ಗೆರೆ ಎಳೆಯಬಹುದು. ಕಾರು ಪರೀಕ್ಷೆ ಪಾಸಾಯಿತು. ಅಂದರೆ ಕ್ಯಾಮೆರಾ, ಟೇಪ್, ಫ್ರೇಮ್ ಎಣಿಕೆ ಸೇರಿ ಸುಳ್ಳು ವೇಗೋತ್ಕರ್ಷ ಹುಟ್ಟಿಸುತ್ತಿಲ್ಲ.

ಈಗ ಗುಂಡು. ಬಿಂದುಗಳು ಓರೆಯಾದ ನೇರ ಗೆರೆಯ ಮೇಲೆ ಕೂರುತ್ತವೆ. ಗೆರೆಯ ಸ್ಲೋಪ್ ಸುಮಾರು 40, ಅಂದರೆ ವೇಗೋತ್ಕರ್ಷ 40 ಸೆಂ.ಮೀ./ಸೆ.². ಗೆರೆಯನ್ನು ಹಿಂದಕ್ಕೆ ಎಳೆದರೆ ಸೊನ್ನೆಯ ಹತ್ತಿರವೇ ಮುಟ್ಟುತ್ತದೆ, ಅಂದರೆ ಗುಂಡು ನಿಜವಾಗಿ ನಿಂತಲ್ಲಿಂದ ಹೊರಟಿದೆ. ಗೆರೆ ಸೊನ್ನೆಯ ಮೂಲಕವೇ ಹೋಗಲಿ ಅಂತ ಒತ್ತಾಯ ಮಾಡಬೇಡಿ. ಸೊನ್ನೆಗಿಂತ ಎದ್ದು ಕಾಣುವಷ್ಟು ಮೇಲೆ ಮುಟ್ಟಿದರೆ ಬಿಡುವಾಗ ತಳ್ಳು ಬಿದ್ದಿದೆ ಅಥವಾ ಸಮಯ ಸೊನ್ನೆಯನ್ನು ತಡವಾಗಿ ಹಿಡಿದಿದ್ದೀರಿ. ಆಗಲೂ ಸ್ಲೋಪ್ ಸರಿಯಾಗೇ ಬರುತ್ತದೆ. ಈ ಪ್ರಯೋಗದಲ್ಲಿ ವೇಗ-ಕಾಲ ಗ್ರಾಫನ್ನೇ ನಾನು ಹೆಚ್ಚು ನಂಬುವುದಕ್ಕೆ ಇದೇ ಕಾರಣ.

ಗೆರೆಯ ಕೆಳಗಿನ ವಿಸ್ತೀರ್ಣ ಅಂದರೆ ಕ್ರಮಿಸಿದ ದೂರ. 2 ಸೆಕೆಂಡಿಗೆ ಕಾರಿನದು ಆಯತ: 25 ಗುಣಿಸು 2, ಅಂದರೆ 50. ಗುಂಡಿನದು ತ್ರಿಕೋನ: ಅರ್ಧ ಗುಣಿಸು 2 ಗುಣಿಸು 80, ಅಂದರೆ 80. ಪಟ್ಟಿಯ ಕೊನೆಯ ಸಾಲು ನೋಡಿ, 49.9 ಮತ್ತು 80.2.

## ಗೆರೆಗಳು ದಾಟುವ ಜಾಗ

ಇಡೀ ಪ್ರಯೋಗದಲ್ಲಿ ನೋಡಲೇಬೇಕಾದದ್ದು ಇದು. ಎರಡೂ ಗ್ರಾಫಿನಲ್ಲಿ ಕಾರಿನ ಗೆರೆಯನ್ನು ಗುಂಡಿನ ಗೆರೆ ಒಂದು ಕಡೆ ದಾಟುತ್ತದೆ. ಆದರೆ ಒಂದೇ ಸಮಯದಲ್ಲಿ ಅಲ್ಲ.

ದೂರ-ಕಾಲ ಗ್ರಾಫಿನಲ್ಲಿ ದಾಟುವುದು ಸುಮಾರು 1.25 ಸೆಕೆಂಡಿನಲ್ಲಿ, 31 ಸೆಂ.ಮೀ. ಆದಮೇಲೆ. ವೇಗ-ಕಾಲ ಗ್ರಾಫಿನಲ್ಲಿ ದಾಟುವುದು ಸುಮಾರು 0.63 ಸೆಕೆಂಡಿನಲ್ಲಿ, ಸರಿಯಾಗಿ ಅದರ ಅರ್ಧಕ್ಕೆ. ಎರಡನ್ನೂ ಒಟ್ಟಿಗೆ ಬಿಟ್ಟಿದ್ದರೆ ಗುಂಡು ಕಾರನ್ನು ಹಿಡಿಯುತ್ತಿದ್ದದ್ದು ಮೊದಲನೆಯ ಕ್ಷಣದಲ್ಲಿ. ಎರಡನೆಯದು ಇಬ್ಬರ ವೇಗವೂ ಸಮ ಆದ ಕ್ಷಣ, ಹಿಡಿದ ಕ್ಷಣ ಅಲ್ಲ. ಪರೀಕ್ಷೆಯಲ್ಲಿ ಇವೆರಡನ್ನು ಗೊಂದಲ ಮಾಡಿಕೊಳ್ಳುವವರು ಬಹಳ.

ವೇಗ ಸಮ ಆದ ಕ್ಷಣದಲ್ಲಿ ಏನಾಗುತ್ತಿತ್ತು? ಅಲ್ಲಿಯವರೆಗೆ ಕಾರಿನ ವೇಗ ಜಾಸ್ತಿ, ಅಂತರ ಬೆಳೆಯುತ್ತಲೇ ಇತ್ತು. ಅಲ್ಲಿಂದಾಚೆ ಗುಂಡಿನ ವೇಗ ಜಾಸ್ತಿ, ಅಂತರ ಕರಗುತ್ತದೆ. ಅಂದರೆ ಕಾರು ಅತಿ ಹೆಚ್ಚು ಮುಂದಿರುವುದು ಆ ಕ್ಷಣದಲ್ಲೇ, ಸುಮಾರು 7.8 ಸೆಂ.ಮೀ. ಪಟ್ಟಿಯಲ್ಲಿ ನೋಡಿ: 0.4 ಸೆಕೆಂಡಿನಲ್ಲಿ ಅಂತರ 6.8, 0.8ರಲ್ಲಿ 7.1, 1.2ರಲ್ಲಿ ಬರೀ 1.3. ನಡುವೆ ಎಲ್ಲೋ ಒಂದು ತುದಿ ಮುಟ್ಟಿ ಇಳಿದಿದೆ.

ಇದನ್ನು ದೂರ-ಕಾಲ ಗ್ರಾಫಿನಲ್ಲೂ ಕಾಣಬಹುದು. ಸ್ಕೇಲನ್ನು ಕಾರಿನ ಗೆರೆಯ ಮೇಲೆ ಇಟ್ಟು, ದಿಕ್ಕು ಬದಲಿಸದೆ ನಿಧಾನಕ್ಕೆ ಕೆಳಗೆ ಸರಿಸಿ. ಗುಂಡಿನ ಬಾಗಿದ ಗೆರೆಗೆ ಅದು ಬರೀ ತಾಗಿ ನಿಲ್ಲುವ ಜಾಗ ಸಿಗುತ್ತದೆ. ಕೆಳಗೆ ಸಮಯ ಓದಿ. ಅದೇ 0.6 ಚಿಲ್ಲರೆ. ಅಲ್ಲಿ ಬಾಗಿದ ಗೆರೆಯ ಸ್ಪರ್ಶಕ ಕಾರಿನ ಗೆರೆಗೆ ಸಮಾಂತರ.

ಸರಿಯಾಗಿ ಅರ್ಧ ಯಾಕೆ ಅನ್ನುವುದಕ್ಕೆ ವೇಗ-ಕಾಲ ಗ್ರಾಫಿನಲ್ಲೇ ಉತ್ತರ ಇದೆ. ದಾಟುವ ಮೊದಲು ಎರಡು ಗೆರೆಗಳ ನಡುವೆ ಒಂದು ತ್ರಿಕೋನ, ದಾಟಿದ ಮೇಲೆ ಇನ್ನೊಂದು. ಮೊದಲನೆಯದು ಕಾರು ಗಳಿಸಿದ ಅಂತರ, ಎರಡನೆಯದು ಗುಂಡು ಅದನ್ನು ತೀರಿಸಿದ್ದು. ಗುಂಡು ಕಾರನ್ನು ಹಿಡಿಯಬೇಕಾದರೆ ಎರಡು ತ್ರಿಕೋನವೂ ಸಮ ಆಗಬೇಕು. ಎರಡೂ ಒಂದೇ ಓರೆಯವು, ಹಾಗಾಗಿ ಸಮ ಆಗಲು ಅಗಲವೂ ಸಮ ಇರಲೇಬೇಕು. ಶೀಟಿನ ಮೇಲೆ ಎರಡಕ್ಕೂ ಪೆನ್ಸಿಲ್‌ನಲ್ಲಿ ಬಣ್ಣ ತುಂಬಿ, ಚೌಕ ಎಣಿಸಿ ನೋಡಿ. ಬೇರೆ ಬೇರೆ ಪುಟದಲ್ಲಿ ಬರೆದಿದ್ದರೆ ಇದೊಂದೂ ಕಾಣುತ್ತಿರಲಿಲ್ಲ.

## ಇನ್ನೊಂದು ಪರೀಕ್ಷೆ: ಕಾಲದ ವರ್ಗ

ನಿಂತಲ್ಲಿಂದ ಹೊರಟು ಒಂದೇ ದರದಲ್ಲಿ ವೇಗ ಏರಿದರೆ ದೂರವು ಸಮಯದ ವರ್ಗಕ್ಕೆ ತಕ್ಕಂತೆ ಬೆಳೆಯಬೇಕು. ಸಮಯದ ವರ್ಗ 0, 0.16, 0.64, 1.44, 2.56, 4.00. ಇದನ್ನು ಅಡ್ಡ ಅಕ್ಷದಲ್ಲಿಟ್ಟು ಗುಂಡಿನ ದೂರ ಗುರುತಿಸಿ. ಬಾಗಿದ ಗೆರೆ ನೆಟ್ಟಗಾಗುತ್ತದೆ. ಸ್ಲೋಪ್ 20 ಬರುತ್ತದೆ, ಅದು ವೇಗೋತ್ಕರ್ಷದ ಅರ್ಧ. ಎರಡರಿಂದ ಗುಣಿಸಿದರೆ ಮತ್ತೆ 40. ಅರ್ಧ ಅನ್ನುವುದನ್ನು ಮರೆತು 20 ಅಂತಲೇ ಬರೆದುಬಿಡುವುದು ಇಲ್ಲಿ ಬಹಳ ಸಾಮಾನ್ಯ. ಮಜಾಕ್ಕೆ ಕಾರಿನ ದೂರವನ್ನೂ ಇದೇ ಶೀಟಿನಲ್ಲಿ ಗುರುತಿಸಿ, ಈಗ ಬಾಗುವ ಸರದಿ ಅದರದ್ದು.

ಈ ಗ್ರಾಫ್ ನಿಂತಲ್ಲಿಂದ ಹೊರಟಾಗ ಮಾತ್ರ ನೇರ. ಸಮಯ ಸೊನ್ನೆಯನ್ನು ಒಂದೆರಡು ಫ್ರೇಮ್ ತಪ್ಪಾಗಿ ಹಿಡಿದರೆ ಶುರುವಿನಲ್ಲಿ ಕೊಂಚ ಬಾಗುತ್ತದೆ. ಆಗ ದೂರವನ್ನು ಸಮಯದಿಂದ ಭಾಗಿಸಿ, ಅದನ್ನು ಸಮಯದ ಎದುರು ಗುರುತಿಸಿ. ಈ ಗೆರೆಯ ಸ್ಲೋಪ್ ವೇಗೋತ್ಕರ್ಷದ ಅರ್ಧ, ಲಂಬ ಅಕ್ಷವನ್ನು ಮುಟ್ಟುವ ಜಾಗ ಶುರುವಿನ ವೇಗ.

ಗ್ರಾಫೇ ಇಲ್ಲದ ಪರೀಕ್ಷೆಯೂ ಒಂದಿದೆ. ಗೆಲಿಲಿಯೋ ಓರೆಹಲಗೆಯ ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿ, ಹರಿದು ಬಂದ ನೀರನ್ನು ತೂಗಿ ಕಾಲ ಅಳೆದ ಬಗೆಯನ್ನು 1638ರಲ್ಲಿ ಪ್ರಕಟಿಸಿದ. ಸಮ ಅವಧಿಗಳಲ್ಲಿ ಕ್ರಮಿಸಿದ ದೂರಗಳು 1, 3, 5, 7 ಹೀಗೆ ಬೆಸ ಸಂಖ್ಯೆಗಳ ಅನುಪಾತದಲ್ಲಿರುತ್ತವೆ ಅನ್ನುವುದು ಅವನು ಹೇಳಿದ ನಿಯಮ. ನಮ್ಮ ಗುಂಡು 0.4 ಸೆಕೆಂಡಿಗೊಮ್ಮೆ ಹೋದ ದೂರ 3.3, 9.4, 16.2, 22.1, 29.2. ಮೊದಲ ಐದು ಬೆಸ ಸಂಖ್ಯೆಗಳ ಮೊತ್ತ 25. ಒಟ್ಟು ದೂರ 80.2 ಅನ್ನು 25ರಿಂದ ಭಾಗಿಸಿದರೆ 3.2. ಪ್ರತಿಯೊಂದನ್ನೂ ಅದರಿಂದ ಭಾಗಿಸಿ: 1.03, 2.94, 5.06, 6.91, 9.13. ನೀರು ತೂಗಿ ಇದನ್ನು ಹಿಡಿದವನಿಗೆ ಶಹಬ್ಬಾಸ್ ಅನ್ನಲೇಬೇಕು.

## ಕಂಪ್ಯೂಟರ್‌ನಲ್ಲಿ ಮಾಡುವವರಿಗೆ

ಸ್ಪ್ರೆಡ್‌ಶೀಟ್‌ನಲ್ಲಿ ಲೈನ್ ಚಾರ್ಟ್ ಬೇಡ, ಸ್ಕ್ಯಾಟರ್ ಚಾರ್ಟ್ ಆರಿಸಿ. ಲೈನ್ ಚಾರ್ಟ್ ಸಾಮಾನ್ಯವಾಗಿ ಅಡ್ಡ ಅಕ್ಷದ ಅಂಕಿಗಳನ್ನು ಬರೀ ಹೆಸರುಗಳ ಹಾಗೆ ಸಮ ಅಂತರದಲ್ಲಿ ಜೋಡಿಸುತ್ತದೆ. ಕಾಲದ ವರ್ಗದ ಗ್ರಾಫ್ ಅದರಲ್ಲಿ ನೇರವಾಗಿ ಬರುವುದೇ ಇಲ್ಲ.

ಟ್ರೆಂಡ್‌ಲೈನ್ ಹಾಕಿದಾಗ ಬರುವ ಆರ್ ಸ್ಕ್ವೇರ್ಡ್ (ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕಿ, ಪೂರ್ತಿ ಹೊಂದಿದರೆ 1) ನೋಡಿ ಮೋಸ ಹೋಗಬೇಡಿ. ಗುಂಡಿನ ದೂರ-ಕಾಲ ಬಿಂದುಗಳಿಗೆ, ಬಾಗಿದ್ದು ಎದ್ದು ಕಾಣುತ್ತಿದ್ದರೂ, ನೇರ ಗೆರೆ ಹೊಂದಿಸಿದರೆ ಆರ್ ಸ್ಕ್ವೇರ್ಡ್ ಸುಮಾರು 0.92 ಬರುತ್ತದೆ. ಒಂದಕ್ಕೆ ಹತ್ತಿರ ಇದೆಯಲ್ಲ ಅಂತ ಏಕರೂಪ ಚಲನೆ ಅನ್ನಲಾದೀತೇ? ಬಿಂದುಗಳು ಗೆರೆಯ ಯಾವ ಕಡೆ ಬಿದ್ದಿವೆ ನೋಡಿ. ಶುರುವಿನಲ್ಲಿ ಮೇಲೆ, ನಡುವೆ ಕೆಳಗೆ, ಕೊನೆಯಲ್ಲಿ ಮತ್ತೆ ಮೇಲೆ. ಹೀಗೆ ಸಾಲು ಹಿಡಿದು ಬಿದ್ದರೆ ಗೆರೆಯೇ ತಪ್ಪು. ಕಾರಿನ ಬಿಂದುಗಳ ಹಾಗೆ ಅಲ್ಲಲ್ಲಿ ಚದುರಿ ಬಿದ್ದರೆ ಅದು ಓದಿನ ಏರುಪೇರು ಅಷ್ಟೇ.

## ಗ್ರಾಫ್ ಸರಿ ಬರದಿದ್ದರೆ

ಕಾರಿನ ವೇಗದ ಗೆರೆ ನಿಧಾನಕ್ಕೆ ಕೆಳಗಿಳಿದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಹಲಗೆ ಏರುಮುಖವಾಗಿದೆ. ಯಾವುದು ಅಂತ ತಿಳಿಯಲು ಕಾರನ್ನು ಎದುರು ದಿಕ್ಕಿನಲ್ಲಿ ಓಡಿಸಿ. ಈಗ ಏರುತ್ತಾ ಹೋದರೆ ತಪ್ಪು ಬ್ಯಾಟರಿಯದ್ದಲ್ಲ, ಹಲಗೆಯ ಮಟ್ಟ ನೋಡಿ. ಸಾಫ್ಟ್‌ವೇರ್ ಬಳಸುತ್ತಿದ್ದರೆ ಕ್ಯಾಮೆರಾ ಓರೆಯಾಗಿರಲೂಬಹುದು, ಅದನ್ನೂ ನೋಡಿ.

ಗುಂಡಿನ ವೇಗದ ಗೆರೆ ಶುರುವಿನಲ್ಲಿ ಕಡಿದಾಗಿ ಏರಿ ಆಮೇಲೆ ಮಲಗುತ್ತಾ ಹೋದರೆ ಹಲಗೆ ಜೋತಿದೆ. ಮೇಲಿನ ಭಾಗ ಹೆಚ್ಚು ಕಡಿದು, ಕೆಳಗಿನ ಭಾಗ ಸಪಾಟು. ಇದೇ ಗುಂಡಿನ ದೂರ-ಕಾಲ ಗ್ರಾಫ್ ಆಗಲೂ ಚೆಂದವಾಗಿ ಬಾಗಿರುತ್ತದೆ, ಯಾವ ಸುಳಿವೂ ಕೊಡುವುದಿಲ್ಲ. ಒಂದೇ ಒಂದು ಬಿಂದು ಮಾತ್ರ ದೂರ ಸಿಡಿದು, ಮುಂದಿನದು ಎದುರು ದಿಕ್ಕಿಗೆ ಸಿಡಿದಿದ್ದರೆ ನಡುವಿನ ಒಂದು ಓದು ತಪ್ಪಾಗಿದೆ. ಆ ಫ್ರೇಮಿಗೆ ಹಿಂದೆ ಹೋಗಿ ಮತ್ತೆ ಓದಿ. ಅಂಕಿಯನ್ನು ಗೆರೆಗೆ ಹೊಂದುವ ಹಾಗೆ ತಿದ್ದುವುದು ಬೇಡವೇ ಬೇಡ.

## 40 ಸರಿಯಾದ ಉತ್ತರವೇ?

ಘರ್ಷಣೆ ಇಲ್ಲದೆ ಜಾರುವ ವಸ್ತುವಾದರೆ ವೇಗೋತ್ಕರ್ಷ 981 (ಗುರುತ್ವದ ವೇಗೋತ್ಕರ್ಷ, ಸೆಂ.ಮೀ./ಸೆ.² ಲೆಕ್ಕದಲ್ಲಿ) ಗುಣಿಸು 0.06 (100ಕ್ಕೆ 6ರ ಏರಿಕೆ), ಅಂದರೆ ಸುಮಾರು 59 ಬರಬೇಕಿತ್ತು. ನಮಗೆ ಬಂದದ್ದು 40. ಘರ್ಷಣೆಯಿಂದ ಕಡಿಮೆಯಾಯಿತು ಅಂತ ಬರೆದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಮುಖ್ಯ ಕಾರಣ ಬೇರೆ. ಗುಂಡು ಜಾರುತ್ತಿಲ್ಲ, ಉರುಳುತ್ತಿದೆ. ಕಳೆದುಕೊಂಡ ಎತ್ತರದ ಶಕ್ತಿಯಲ್ಲಿ ಒಂದು ಪಾಲು ಮುಂದೆ ಹೋಗುವುದಕ್ಕೆ, ಇನ್ನೊಂದು ಪಾಲು ತಿರುಗುವುದಕ್ಕೆ ಖರ್ಚಾಗುತ್ತದೆ. ಸಪಾಟು ಮೇಲ್ಮೈಯಲ್ಲಿ ಜಾರದೆ ಉರುಳುವ ಗಟ್ಟಿ ಗುಂಡಿಗೆ 59ರ ಏಳರಲ್ಲಿ ಐದು ಪಾಲು ಮಾತ್ರ, ಅಂದರೆ 42. ಚಾನೆಲ್‌ನ ಎರಡು ಅಂಚಿನ ಮೇಲೆ ಉರುಳುವಾಗ ಇನ್ನೂ ಸ್ವಲ್ಪ ಕಡಿಮೆ. ಹಾಗಾಗಿ 40 ಒಪ್ಪುವ ಉತ್ತರ.

ಸಮಯ ಉಳಿದರೆ ಏರಿಕೆಯನ್ನು 12 ಸೆಂ.ಮೀ. ಮಾಡಿ ಮತ್ತೆ ಉರುಳಿಸಿ. ಉರುಳಿಸುವ ಮೊದಲೇ ಹೊಸ ಗೆರೆಯನ್ನು ಪೆನ್ಸಿಲ್‌ನಲ್ಲಿ ಎಳೆದಿಡಿ. ಸ್ಲೋಪ್ ಸುಮಾರು 80. ಕಾರಿನ ಗೆರೆಯನ್ನು ದೂರ-ಕಾಲ ಗ್ರಾಫಿನಲ್ಲಿ ದಾಟುವುದು ಈಗ 0.63 ಸೆಕೆಂಡಿನ ಹತ್ತಿರ, 16 ಸೆಂ.ಮೀ. ಸುಮಾರಿಗೆ. ಗುಂಡು 80 ಸೆಂ.ಮೀ. ಮುಟ್ಟುವುದು 1.4 ಸೆಕೆಂಡಿಗೇ. ಹಾಗಾಗಿ 0.4ರ ಬದಲು 0.2 ಸೆಕೆಂಡಿಗೊಮ್ಮೆ, ಅಂದರೆ 6 ಫ್ರೇಮಿಗೊಮ್ಮೆ ಓದಿ. ಪ್ರತಿ ವೇಗದಲ್ಲಿನ ಅನುಮಾನ ಆಗ 0.7 ಇದ್ದದ್ದು 1.4 ಆಗುತ್ತದೆ, ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಪಟ್ಟಿಯ ಪಕ್ಕದಲ್ಲೇ ಬರೆದಿಡಿ.